ಮಾತೂ ಒಂದು ಚಿಕಿತ್ಸೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನ್ನನ್ನು ಕರೆದಾಗ, "ಹಳೆಯ ನೆನಪು ಹೇಳಿ, ಇಲ್ಲವಾದರೆ ನಿಮ್ಮ ಕೆಲಸದ ಬಗ್ಗೆ ಹೇಳಿ" ಎಂದರು. ನನಗೆ ಎರಡೂ ಒಂದೇ. ನಾನು ಬೇರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕ. ಮನಸ್ಸಿಗೆ ಆಘಾತವಾದವರು, ಆತಂಕ ಇರುವವರು, ಖಿನ್ನತೆಗೆ ಒಳಗಾದವರು ಬರುತ್ತಾರೆ. ಅವರ ಜೊತೆ ಕುಳಿತು ಮಾತಾಡುವುದು ನನ್ನ ಕೆಲಸ. "ಮಾತಾಡೋಕೂ ಸಂಬಳ ಕೊಡ್ತಾರೇನಯ್ಯ?" ಎಂದು ನಮ್ಮೂರಿನ ಹಿರಿಯರೊಬ್ಬರು ಕೇಳಿದ್ದರು. ಅವರಿಗೆ ಅಂದು ನಕ್ಕು ಸುಮ್ಮನಾಗಿದ್ದೆ. ಉತ್ತರ ಇವತ್ತು ಹೇಳುತ್ತೇನೆ.

1989ರ ಬೇಸಿಗೆ ರಜೆ. ನಾನು ಎಂಟನೇ ತರಗತಿ ಮುಗಿಸಿದ್ದೆ, ನನ್ನ ತಮ್ಮ ಮೂರನೇ ತರಗತಿ. ಒಂದು ಮಧ್ಯಾಹ್ನ ಇಬ್ಬರೂ ಕೆರೆಗೆ ಹೋದೆವು. ನನಗೆ ಈಜು ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ. "ದಡದಲ್ಲೇ ಕೂತಿರು" ಎಂದು ಹೇಳಿ ನಾನು ನೀರಿಗೆ ಇಳಿದೆ. ತಿರುಗಿ ನೋಡಿದಾಗ ದಡದಲ್ಲಿ ಅವನ ಅಂಗಿ ಇತ್ತು, ಅವನಿರಲಿಲ್ಲ. ಮಣ್ಣು ತೆಗೆದು ಬಿಟ್ಟಿದ್ದ ಗುಂಡಿಯೊಂದು ನೀರಿನ ಅಡಿಯಲ್ಲಿತ್ತು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ಅವತ್ತು ನೀರಿಗೆ ಧುಮುಕಿ ಹುಡುಕಿದವರು.

ಯಾರೂ ನನ್ನನ್ನು ಬೈಯಲಿಲ್ಲ. "ಮರೆತುಬಿಡು ಮಗ", "ಅವ್ವನ ಮುಂದೆ ಅವನ ಹೆಸರು ಎತ್ತಬೇಡ", "ಗಂಡು ಹುಡುಗ, ಗಟ್ಟಿಯಾಗಿರಬೇಕು" ಎಂದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ನಾನು ಅವರ ಮಾತನ್ನು ಹದಿನಾಲ್ಕು ವರ್ಷ ಪಾಲಿಸಿದೆ. ಒಂಬತ್ತನೇ ತರಗತಿಯಲ್ಲಿ ನನ್ನ ಜಾಗ ಕಿಟಕಿಯ ಪಕ್ಕ ಬಂದಿತ್ತು. ಅಲ್ಲಿಂದ ಕೆರೆ ಏರಿ ಕಾಣುತ್ತಿತ್ತು. ಜಾಗ ಬದಲಿಸಿಕೊಂಡೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲವೇನೋ.

2003ರಲ್ಲಿ ನಾನು ಬೆಂಗಳೂರಿನಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ಬಸ್ಸು ಕೆರೆಯೊಂದರ ಪಕ್ಕ ಹೋಗುವಾಗ ಎದೆ ಡವಡವ ಹೊಡೆದುಕೊಂಡಿತು. ಬೆವರು, ಉಸಿರು ಕಟ್ಟಿದ ಹಾಗೆ, ಕೈಕಾಲು ಜುಮ್ಮೆನ್ನುತ್ತಿತ್ತು. ಸತ್ತೇ ಹೋದೆ ಎಂದುಕೊಂಡೆ. ಇಸಿಜಿ ಮಾಡಿಸಿದರೆ ಹೃದಯಕ್ಕೆ ಏನೂ ಆಗಿಲ್ಲ. ಮತ್ತೆ ಮತ್ತೆ ಹೀಗಾಯಿತು. ಮೂರನೆಯ ಸಲ ವೈದ್ಯರು, "ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದೀರಾ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಅವರು ನಂಬಲಿಲ್ಲ, ಚೀಟಿ ಬರೆದು ಸಮಾಲೋಚಕಿಯೊಬ್ಬರ ಬಳಿ ಕಳಿಸಿದರು. ಆ ಚೀಟಿಯನ್ನು ಎರಡು ತಿಂಗಳು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಹೋದರೆ ಹುಚ್ಚ ಎನ್ನುತ್ತಾರೆ ಎಂಬ ಭಯ. ಕೊನೆಗೆ ಬಸ್ಸು ಹತ್ತುವುದೇ ಕಷ್ಟವಾದಾಗ ಹೋದೆ.

ಬುದ್ಧಿವಾದ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಲಿಲ್ಲ. ವಾರಕ್ಕೊಮ್ಮೆ, ಹೆಚ್ಚು ಕಡಿಮೆ ಒಂದು ಗಂಟೆ, ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆಯವರ ಸಹಾಯ ಕೇಳುತ್ತೇನೆ ಎಂದು ಮೊದಲೇ ತಿಳಿಸಿದರು. ನನ್ನ ದೇಹಕ್ಕೆ ಏನಾಗುತ್ತಿದೆ ಎಂಬುದನ್ನು ವಿವರಿಸಿದರು. ಅಪಾಯ ಕಂಡಾಗ ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುತ್ತದೆ, ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಹಗ್ಗವನ್ನು ಹಾವೆಂದು ತಿಳಿದವನಿಗೂ ಇದೇ ಆಗುತ್ತದೆ. ಹಾವು ಸುಳ್ಳು, ಆದರೆ ನಡುಕ ನಿಜ. "ನೀವು ನಾಟಕ ಮಾಡುತ್ತಿಲ್ಲ" ಎಂದು ಮೊದಲ ಸಲ ಒಬ್ಬರು ನನಗೆ ಹೇಳಿದರು.

ನಾಲ್ಕನೆಯ ವಾರ ತಮ್ಮನ ವಿಷಯ ಬಾಯಿಗೆ ಬಂತು. "ನಾನೇ ಅವನನ್ನು ಕೊಂದೆ" ಎಂದೆ. ಛೇ, ಹಾಗೆಲ್ಲ ಅನ್ನಬೇಡಿ ಎಂದು ಅವರು ತಡೆಯಲಿಲ್ಲ. "ಅವತ್ತು ನಿಮ್ಮ ವಯಸ್ಸೆಷ್ಟು?" ಎಂದು ಕೇಳಿದರು. ಹದಿನಾಲ್ಕು ಎಂದೆ. "ಹದಿನಾಲ್ಕು ವರ್ಷದ ಬೇರೊಬ್ಬ ಹುಡುಗ ಬಂದು ಇದೇ ಮಾತು ಹೇಳಿದರೆ ಅವನಿಗೆ ಏನು ಹೇಳುತ್ತೀರಿ?" ಎಂದರು. ನನಗೆ ಉತ್ತರ ಬರಲಿಲ್ಲ. ಮನೆಗೆ ಹೋಗಿ ಬರೆದುಕೊಂಡು ಬರಲು ಹೇಳಿದರು. ನಾನು ಬರೆದದ್ದು ಇಷ್ಟೇ: "ನೀನಿನ್ನೂ ಹುಡುಗ. ಅಲ್ಲಿ ಗುಂಡಿ ಇರುವುದು ನಿನಗೆ ಗೊತ್ತಿರಲಿಲ್ಲ."

ಆಮೇಲೆ ಒಂದು ಏಣಿ ಮಾಡಿದೆವು. ಮೊದಲ ಮೆಟ್ಟಿಲು ಕೆರೆಯ ಚಿತ್ರ ನೋಡುವುದು. ಮುಂದಿನದು ಗೆಳೆಯನ ಜೊತೆ ಆ ದಾರಿಯ ಬಸ್ಸಿನಲ್ಲಿ ಹೋಗುವುದು, ನಂತರ ಒಬ್ಬನೇ ಹೋಗುವುದು, ಕೊನೆಗೆ ಏರಿಯ ಮೇಲೆ ನಿಲ್ಲುವುದು. ಒಂದು ಮೆಟ್ಟಿಲಿನ ಭಯ ಇಳಿದ ಮೇಲೆ ಮುಂದಿನದು. ಹದಿನಾರು ವಾರ ಹಿಡಿಯಿತು. ಕೆಲಸಕ್ಕೆ ಸರಿಯಾಗಿ ಹೋಗುವಂತಾದೆ. ಮುಂದೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿ ಇದೇ ಕೆಲಸಕ್ಕೆ ಸೇರಿದೆ.

ಈಗ ಈ ಚಿಕಿತ್ಸೆಯ ಬಗ್ಗೆ ನಾಲ್ಕು ಮಾತು. "ಮಾತಿನ ಚಿಕಿತ್ಸೆ" ಎಂಬ ಹೆಸರನ್ನು ಮೊದಲು ಕೊಟ್ಟದ್ದು ವೈದ್ಯರಲ್ಲ, ರೋಗಿಯೊಬ್ಬರು. 1880ರ ಸುಮಾರಿಗೆ ವಿಯೆನ್ನಾ ನಗರದಲ್ಲಿ ಬರ್ತಾ ಪಾಪನ್‌ಹೈಮ್ ಎಂಬ ತರುಣಿ ತಂದೆಯ ಕಾಯಿಲೆಯ ಕಾಲದಲ್ಲಿ ತಾನೂ ಅಸ್ವಸ್ಥಳಾದಳು. ವೈದ್ಯ ಯೋಸೆಫ್ ಬ್ರಾಯರ್ ದಿನವೂ ಆಕೆಯ ಮಾತನ್ನು ಕೇಳುತ್ತಿದ್ದರು. ಆಕೆಯೇ ಅದಕ್ಕೆ ಈ ಹೆಸರಿಟ್ಟಳು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಬರೆದ ಪುಸ್ತಕದಲ್ಲಿ ಆಕೆ 'ಅನ್ನಾ ಓ' ಎಂಬ ಹೆಸರಿನಲ್ಲಿ ಬರುತ್ತಾಳೆ. ಆ ಚಿಕಿತ್ಸೆಯಿಂದ ಆಕೆ ಪೂರ್ತಿ ಗುಣವಾಗಲಿಲ್ಲ, ನಂತರವೂ ಆಸ್ಪತ್ರೆಗಳಲ್ಲಿ ಇರಬೇಕಾಯಿತು. ಆದರೆ ಮುಂದೆ ಹೆಂಗಸರ, ಅನಾಥ ಮಕ್ಕಳ ಪರವಾಗಿ ದುಡಿದು ದೊಡ್ಡ ಹೆಸರು ಮಾಡಿದಳು. ಅಲ್ಲಿಂದೀಚೆಗೆ ಈ ವಿದ್ಯೆ ಬಹಳ ಬದಲಾಗಿದೆ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್, ಖಿನ್ನತೆಯಲ್ಲಿರುವವರ ತಲೆಯಲ್ಲಿ ತಮ್ಮ ಬಗ್ಗೆ, ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ ಕೆಟ್ಟ ಯೋಚನೆಗಳು ತಾವಾಗಿಯೇ ಸುತ್ತುತ್ತವೆ ಎಂದು ಗಮನಿಸಿದರು. ಆ ಯೋಚನೆ ಎಷ್ಟು ನಿಜ ಎಂದು ರೋಗಿಯೇ ಪರೀಕ್ಷಿಸಿ ನೋಡುವ ಕ್ರಮವನ್ನು ರೂಪಿಸಿದರು. ನನ್ನ ವಯಸ್ಸೆಷ್ಟು ಎಂದು ಕೇಳಿದ ಪ್ರಶ್ನೆಯ ಹಿಂದೆ ಇದ್ದದ್ದು ಇದೇ ಕ್ರಮ.

ಒಂದೊಂದು ತೊಂದರೆಗೆ ಒಂದೊಂದು ದಾರಿ. ಆತಂಕದವರು ಭಯ ಹುಟ್ಟಿಸುವುದರಿಂದ ದೂರ ಓಡುತ್ತಾರೆ, ಓಡಿದಷ್ಟೂ ಭಯ ಬೆಳೆಯುತ್ತದೆ. ಅವರಿಗೆ ಏಣಿ ಬೇಕು. ಖಿನ್ನತೆಯವರು ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾರೆ: ಮೊದಲು ಹಬ್ಬ, ಆಮೇಲೆ ಹೊಲ, ಕೊನೆಗೆ ಸ್ನಾನ. "ಮನಸ್ಸು ಸರಿಯಾದ ಮೇಲೆ ಮಾಡುತ್ತೇನೆ" ಎನ್ನುತ್ತಾರೆ. ನಾವು ಅದನ್ನು ತಿರುಗಿಸುತ್ತೇವೆ. ಇವತ್ತು ಸಂಜೆ ಹತ್ತು ನಿಮಿಷ ನಡೆಯಿರಿ, ನಾಳೆ ತಂಗಿಗೆ ಒಂದು ಫೋನ್ ಮಾಡಿ, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಆಘಾತದವರಿಗೆ ಮೊದಲು ಸುರಕ್ಷಿತ ಜಾಗ ಬೇಕು, ನಂತರ ಅವರದೇ ವೇಗದಲ್ಲಿ ಆ ನೆನಪಿನ ಹತ್ತಿರ ಹೋಗಬೇಕು.

ಇಲ್ಲೊಂದು ಎಚ್ಚರಿಕೆ. ಅಪಘಾತವೋ ಸಾವೋ ಆದ ಮಾರನೆಯ ದಿನವೇ "ಏನಾಯಿತು, ಎಲ್ಲ ಹೇಳಿ ಅತ್ತುಬಿಡು" ಎಂದು ಒತ್ತಾಯಿಸಬಾರದು. ಹಾಗೆ ಬಲವಂತವಾಗಿ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಎನ್ನುತ್ತದೆ. ಆ ಹೊತ್ತಿಗೆ ಬೇಕಾದದ್ದು ನೀರು, ಊಟ, ಪಕ್ಕದಲ್ಲಿ ಒಬ್ಬರು, ಅವರಾಗಿ ಹೇಳಿದರೆ ಕೇಳುವ ಕಿವಿ. ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿ ಬೀಳುವುದು ಕಡಿಮೆಯಾಗದಿದ್ದರೆ ಚಿಕಿತ್ಸೆಗೆ ಕರೆತನ್ನಿ. ನನಗೆ "ಮರೆತುಬಿಡು" ಎಂದವರದ್ದೂ ತಪ್ಪು ಎಂದು ನಾನು ಹೇಳುವುದಿಲ್ಲ. ಮರೆಯಲು ಆಗದಿದ್ದಾಗ ಎಲ್ಲಿಗೆ ಹೋಗಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಮಾತ್ರೆ ಬೇಡವೇ ಎಂದು ಕೆಲವರು ಕೇಳುತ್ತಾರೆ. ತೀವ್ರವಾದ ಖಿನ್ನತೆ ಇದ್ದರೆ ಬೇಕಾಗಬಹುದು. ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಮಾತು, ಮಾತ್ರೆ ಎರಡೂ ಒಟ್ಟಿಗೆ ನಡೆಯಬಹುದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಇದೆಲ್ಲ ಪಟ್ಟಣದ ದುಡ್ಡಿದ್ದವರಿಗೆ ಎಂದು ತಿಳಿಯಬೇಡಿ. ಪಕ್ಕದ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ ಮನೋವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತು. ತೀವ್ರ ಖಿನ್ನತೆ ಇದ್ದವರನ್ನು ಅವರು ಆರರಿಂದ ಎಂಟು ಸಲ ಭೇಟಿ ಮಾಡಿದರು. ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವ ಆ ಕ್ರಮದಿಂದ ಮಾಮೂಲಿ ಆರೈಕೆಗಿಂತ ಹೆಚ್ಚು ಜನ ಚೇತರಿಸಿಕೊಂಡರು ಎಂಬ ಅಧ್ಯಯನ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಅಜ್ಜಿಯರಿಗೆ ಇದನ್ನು ಕಲಿಸಿದರು. ಆಸ್ಪತ್ರೆಯ ಆವರಣದಲ್ಲಿ ಒಂದು ಮರದ ಬೆಂಚು, ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ಕಷ್ಟದಲ್ಲಿರುವವರು. ಅಲ್ಲಿನ ಜನ ಖಿನ್ನತೆ ಎನ್ನುವುದಿಲ್ಲ, 'ಕುಫುಂಗಿಸಿಸ' ಎನ್ನುತ್ತಾರೆ. ಅತಿಯಾಗಿ ಯೋಚಿಸುವುದು ಎಂದು ಅರ್ಥ. ನಮ್ಮೂರಿನಲ್ಲಿ "ಬಹಳ ತಲೆಗೆ ಹಚ್ಕೊಂಡವ್ಳೆ" ಅನ್ನುತ್ತೇವಲ್ಲ, ಅದೇ. ನಮ್ಮಲ್ಲಿ ಅರಳಿಕಟ್ಟೆ ಇದೆಯಲ್ಲ ಎನ್ನಬಹುದು. ಇದೆ. ಆದರೆ ಕಟ್ಟೆಯ ಮೇಲೆ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ಆ ಅಜ್ಜಿಯರು ಗುಟ್ಟು ಕಾಯಲು ಕಲಿತವರು, ತಾವೇ ಪರಿಹಾರ ಹೇಳದೆ ಎದುರಿನವರಿಂದಲೇ ದಾರಿ ಹುಡುಕಿಸಲು ಕಲಿತವರು. ನನ್ನನ್ನು ಕೇಳಿದ ಹಿರಿಯರಿಗೆ ಇದೇ ಉತ್ತರ: ಸಂಬಳ ಕೊಡುವುದು ಮಾತಾಡುವುದಕ್ಕಲ್ಲ, ಹೀಗೆ ಕೇಳಿಸಿಕೊಳ್ಳುವುದಕ್ಕೆ.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಮಕ್ಕಳೇ, ಸಂಖ್ಯೆ ಬರೆದುಕೊಳ್ಳಿ: 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವುದನ್ನೂ ಆ ವಿಷಯ ಗುಟ್ಟಾಗಿ ಉಳಿಯುವುದನ್ನೂ ನಮ್ಮ ಹಕ್ಕು ಎನ್ನುತ್ತದೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಚೆನ್ನಾಗಿ ಓದುತ್ತಿದ್ದ ಮಗು ಹಿಂದೆ ಬಿದ್ದರೆ, ಗೆಳೆಯರನ್ನು ಬಿಟ್ಟು ಒಂಟಿಯಾದರೆ, ಕಾರಣವಿಲ್ಲದೆ ಜಾಗ ಬದಲಿಸಿದರೆ, ಎಲ್ಲರ ಮುಂದೆ ಕೇಳದೆ ಪಕ್ಕಕ್ಕೆ ಕರೆದು ಕೇಳಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಬಂದರೆ ಆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮನೆಯವರನ್ನೂ ವೈದ್ಯರನ್ನೂ ಸೇರಿಸಿಕೊಳ್ಳಿ. ಮಕ್ಕಳೇ, ಗೆಳೆಯ ನಿಮಗೆ ಇಂಥ ಮಾತು ಹೇಳಿ "ಯಾರಿಗೂ ಹೇಳಬೇಡ" ಎಂದು ಆಣೆ ಹಾಕಿಸಿದರೆ, ಆ ಒಂದು ಆಣೆಯನ್ನು ಮುರಿಯಿರಿ. ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ.

ಕೊನೆಯದಾಗಿ, ನನ್ನ ಅವ್ವ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಅವಳನ್ನು ಕೇಳಿಯೇ ಈ ಕಥೆ ಹೇಳಿದೆ. ನನ್ನ ಚಿಕಿತ್ಸೆ ಮುಗಿದ ವರ್ಷ ಊರಿಗೆ ಬಂದು ಮೊದಲ ಸಲ ಅವಳ ಮುಂದೆ ತಮ್ಮನ ಹೆಸರು ಎತ್ತಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವತ್ತು ತಲೆ ಸಿಡೀತಿತ್ತು, ಸ್ವಲ್ಪ ಹೊತ್ತು ಹೊರಗೆ ಆಡ್ಕೊಳ್ಳಿ ಅಂತ ನಿಮ್ಮಿಬ್ಬರನ್ನೂ ಕಳಿಸಿದವಳು ನಾನೇ ಕಣಪ್ಪ" ಎಂದಳು. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಅದೇ ಅಪರಾಧವನ್ನು ಹೊತ್ತುಕೊಂಡಿದ್ದೆವು. ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆವು. ಅವತ್ತು ರಾತ್ರಿ ಅವನ ತುಂಟತನ, ಅವನಿಗೆ ಇಷ್ಟವಾದ ಒಬ್ಬಟ್ಟು, ಎಲ್ಲವನ್ನೂ ಮಾತಾಡಿದೆವು. ಅತ್ತೆವು, ಎರಡು ಸಲ ನಕ್ಕೆವು ಕೂಡ.

ಇವತ್ತು ಬೆಳಿಗ್ಗೆ ಇಬ್ಬರೂ ಕೆರೆ ಏರಿಯ ಮೇಲೆ ನಡೆದುಕೊಂಡೇ ಶಾಲೆಗೆ ಬಂದೆವು. ನನ್ನ ಎದೆ ಈಗಲೂ ಸ್ವಲ್ಪ ಜೋರಾಗಿ ಬಡಿಯುತ್ತದೆ. ಬಡಿಯಲಿ, ಅದರ ಜೊತೆಗೇ ನಡೆಯಲು ಬರುತ್ತದೆ.

ಈ ಶಾಲೆ ನನಗೆ ಓದು ಕೊಟ್ಟಿತು. ಮುಂದಿನ ಐವತ್ತು ವರ್ಷ ಇಲ್ಲಿನ ಮಕ್ಕಳ ಮಾತನ್ನು ಕೇಳುವ ಶಾಲೆಯೂ ಆಗಲಿ ಎಂದು ಹಾರೈಸುತ್ತೇನೆ.