ದಿನದಿನದ ಶೋಧನೆಯೂ ಪಾವಿತ್ರ್ಯದ ಸಾಧನೆಯೂ



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲಿನ ಮೇಲೆ ಕಲ್ಲನ್ನಿಟ್ಟು ಈ ದೇವಾಲಯವನ್ನು ಕಟ್ಟಿದರು. ದೇವರಿಗೆ ಪ್ರಿಯವಾದ ಇನ್ನೊಂದು ಆಲಯವೂ ಉಂಟು. ಅದು ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರ ಹೃದಯ. ಆ ಕಟ್ಟಡದ ಕೆಲಸ ಒಂದು ದಿನವೂ ನಿಲ್ಲುವಂತಿಲ್ಲ. ಪಾವಿತ್ರ್ಯವು ಗುರುಗಳಿಗೂ ಕನ್ಯಾಮಠದವರಿಗೂ ಮೀಸಲೆಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಅದಕ್ಕೆ ಎಲ್ಲ ವಿಶ್ವಾಸಿಗಳೂ ಕರೆಯಲ್ಪಟ್ಟಿದ್ದಾರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿಯೇ ಸ್ಪಷ್ಟವಾಗಿ ಸಾರಿದೆ.

ಶೋಧನೆ ಎಂದೊಡನೆ ನಾವು ಮಹಾಪಾತಕಗಳನ್ನು ನೆನೆಯುತ್ತೇವೆ. ದಿನವೂ ನಮ್ಮನ್ನು ಕಾಡುವ ಶೋಧನೆಗಳಾದರೋ ತೀರ ಸಣ್ಣವು. ತಕ್ಕಡಿಯಲ್ಲಿ ಹತ್ತು ಗ್ರಾಂ ತಪ್ಪಿಸುವುದು, ನೆರೆಮನೆಯ ಸುದ್ದಿಗೆ ಒಂದು ಮಾತು ಸೇರಿಸಿ ಹೇಳುವುದು, ಹಾಸಿಗೆ ಹಿಡಿದ ತಾಯಿಯ ಕರೆಗೆ ಕಿವುಡಾಗುವುದು, ಮೊಬೈಲ್ ಹಿಡಿದು ಕುಳಿತು ಜಪಸರವನ್ನು ಮರೆಯುವುದು. ಇವೇ ನಮ್ಮ ನಿತ್ಯದ ರಣರಂಗ.

590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಸಂತ ಗ್ರೆಗೋರಿಯವರು, ಶೋಧನೆಗೆ ಮೂರು ಮೆಟ್ಟಿಲುಗಳುಂಟೆಂದು ಬೋಧಿಸಿದರು: ಸೂಚನೆ, ಸವಿ, ಸಮ್ಮತಿ. ಕೆಟ್ಟ ಯೋಚನೆ ಬಾಗಿಲು ತಟ್ಟುವುದು ಸೂಚನೆ. ಅದನ್ನು ಒಳಗೆ ಕೂರಿಸಿಕೊಂಡು ಸುಖಿಸುವುದು ಸವಿ. ಮನೆಯ ಬೀಗದ ಕೈಯನ್ನೇ ಅದಕ್ಕೆ ಒಪ್ಪಿಸುವುದು ಸಮ್ಮತಿ. ಮರುಭೂಮಿಯಲ್ಲಿ ನಮ್ಮ ಪ್ರಭುವಿಗೂ ಸೂಚನೆ ಬಂದಿತು. ಅದು ಹೊಸ್ತಿಲು ದಾಟಲಿಲ್ಲ. ಆದುದರಿಂದ ಶೋಧನೆ ಬಂದಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಅದನ್ನು ಬಾಗಿಲಲ್ಲೇ ತಡೆಯಲು ಕಲಿಯಬೇಕು.

ಫ್ರಾನ್ಸಿನ ಲಿಸ್ಯೂ ನಗರದ ಕಾರ್ಮೆಲ್ ಮಠದಲ್ಲಿದ್ದು, 1897ರಲ್ಲಿ 24ನೆಯ ವಯಸ್ಸಿಗೇ ಮಡಿದ ಸಂತ ತೆರೇಸಮ್ಮನವರಲ್ಲಿ ಇದಕ್ಕೆ ನಿದರ್ಶನವಿದೆ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸಹೋದರಿಯೊಬ್ಬರು ತಮಗರಿವಿಲ್ಲದೆ ಕೊಳೆನೀರನ್ನು ಇವರ ಮುಖಕ್ಕೆ ಸಿಡಿಸುತ್ತಿದ್ದರು. ಹಿಂದೆ ಸರಿದು, ಮುಖ ಒರೆಸಿಕೊಂಡು, ಆಕೆಗೆ ತಪ್ಪನ್ನು ತೋರಿಸಬೇಕೆಂಬ ಆಸೆ ಹುಟ್ಟಿತು. ತೆರೇಸಮ್ಮನವರು ಸರಿಯಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಇಂತಹ ಕಿರಿಯ ತ್ಯಾಗಗಳ ಹಾದಿಯಲ್ಲಿ ನಡೆದವರನ್ನು ಧರ್ಮಸಭೆಯು 1925ರಲ್ಲಿ ಸಂತರ ಸಾಲಿಗೆ ಸೇರಿಸಿ, 1997ರಲ್ಲಿ ಧರ್ಮಸಭೆಯ ಪಂಡಿತರೆಂದು ಗೌರವಿಸಿತು.

ನಾವು ಮಾಡಬೇಕಾದುದೇನು? ಸಂತ ಇಗ್ನಾಸಿಯವರು ಸುಲಭವಾದ ಕ್ರಮವೊಂದನ್ನು ಕಲಿಸಿದ್ದಾರೆ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಿರಿ. ಬೆಳಿಗ್ಗೆ ಎದ್ದೊಡನೆ ಅದನ್ನು ದೂರವಿಡುವ ನಿರ್ಧಾರ ಮಾಡಿರಿ. ಮಧ್ಯಾಹ್ನವೂ ರಾತ್ರಿಯೂ ಎಷ್ಟು ಬಾರಿ ಬಿದ್ದಿರೆಂದು ಎಣಿಸಿ ಗುರುತು ಹಾಕಿ, ನಿನ್ನೆಯ ಲೆಕ್ಕದೊಡನೆ ಹೋಲಿಸಿರಿ. ಲೆಕ್ಕ ನಮ್ಮದು, ಬಲ ದೇವರದು. ಬಿದ್ದವರನ್ನು ಎತ್ತುವ ವರಪ್ರಸಾದವು ಪಾಪನಿವೇದನೆಯಲ್ಲಿಯೂ ಪರಮಪ್ರಸಾದದಲ್ಲಿಯೂ ನಮಗೆ ದೊರೆಯುತ್ತದೆ.

ಕೊನೆಯದಾಗಿ ಒಂದು ಮಾತು. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸುವುದುಂಟು. ‘ಅವನೇ ಮೊದಲು ಮಾತನಾಡಲಿ’ ಎಂಬುದು ಎಷ್ಟು ಸಣ್ಣ ಶೋಧನೆ! ಅದು ಮನೆಗಳನ್ನು ಎರಡು ತಲೆಮಾರಿನವರೆಗೂ ಒಡೆದು ನಿಲ್ಲಿಸಬಲ್ಲದು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಂಧಾನವಾಗಬೇಕೆಂದು ಪ್ರಭುವೇ ಆಜ್ಞಾಪಿಸಿದ್ದಾರೆ. ಶತಮಾನೋತ್ಸವದ ಕಾಣಿಕೆಯಾಗಿ, ಇಂದು ಮನೆಗೆ ಹೋಗುವ ದಾರಿಯಲ್ಲಿ ಆ ಮೊದಲ ಮಾತನ್ನು ನಾವೇ ಆಡೋಣ. ಪ್ರಭು ನಮ್ಮೆಲ್ಲರನ್ನೂ ಹರಸಲಿ.