ಗಣಕದ ಪ್ರೊಸೆಸರ್: ಬದಲಿಸುವುದೋ, ಕಾಯುವುದೋ?

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಕಾಡು, ಹೊಳೆ, ಬೆಟ್ಟಗಳ ಕುರಿತು ಚಿಂತಿಸುವ ಸಭೆಯಲ್ಲಿ ಆಟದ ಗಣಕವೊಂದರ ಪ್ರಸ್ತಾಪ ಬಂದುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಂದು ಮಲೆನಾಡಿನ ಎಷ್ಟೋ ಮನೆಗಳಲ್ಲಿ, ಜಗಲಿಯ ಪಕ್ಕದ ಕೋಣೆಯಲ್ಲಿ, ಅಂತಹ ಯಂತ್ರವೊಂದಿದೆ. ಮಕ್ಕಳು ಕಾಲೇಜು ಸೇರುವಾಗ ಅಡಿಕೆ ಮಾರಿದ ಹಣದಲ್ಲಿ ಬಂದದ್ದು. ಓದಿಗೆಂದು ತಂದದ್ದು ಆಟಕ್ಕೂ ಬಳಕೆಯಾಗುತ್ತದೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಏಳೆಂಟು ಮಳೆಗಾಲ ಕಳೆದ ಮೇಲೆ ಅದು ಏದುಸಿರು ಬಿಡತೊಡಗುತ್ತದೆ. ಆಗ ಮನೆಯಲ್ಲಿ ನಡೆಯುವ ಮಾತುಕತೆಯನ್ನು ಯಾರೂ ಊಹಿಸಬಹುದು.

"ಇರುವುದು ಓಡುತ್ತಿಲ್ಲವೇನೋ?"

"ಓಡುತ್ತದೆ ಅಪ್ಪಯ್ಯ, ತಡೆತಡೆದು ಓಡುತ್ತದೆ."

ಕೊಳೆರೋಗಕ್ಕೋ ಎಲೆಚುಕ್ಕಿಗೋ ಅರ್ಧ ಫಸಲು ಹೋದ ವರ್ಷ ಈ ಮಾತು ಬಂದರೆ ಅಪ್ಪಯ್ಯನಿಗೂ ಮಗನಿಗೂ ಅದು ಸಣ್ಣ ಸಂಗತಿಯಲ್ಲ. ಆದುದರಿಂದ ಪ್ರಶ್ನೆಯನ್ನು ಗಂಭೀರವಾಗಿಯೇ ಪರಿಶೀಲಿಸುವುದು ಯೋಗ್ಯ.

ಖಚಿತವಾದ ಒಂದು ಉದಾಹರಣೆಯನ್ನು ಮುಂದಿಟ್ಟುಕೊಂಡರೆ ವಿಚಾರ ತಿಳಿಯಾಗುತ್ತದೆ. 2017ರ ಏಪ್ರಿಲ್‌ನಲ್ಲಿ ಎಎಂಡಿ ಕಂಪನಿಯು ರೈಜನ್ 5 1600 ಎಂಬ ಪ್ರೊಸೆಸರನ್ನು ಬಿಡುಗಡೆ ಮಾಡಿತು. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಬಿ350 ವರ್ಗದ ಮದರ್‌ಬೋರ್ಡ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, ಡಿಡಿಆರ್4 ಮೆಮೊರಿ ಇವುಗಳೊಡನೆ ಅದು ಆ ಕಾಲದ ಮಧ್ಯಮ ವರ್ಗದ ಮನೆಗೆ ತಕ್ಕ ಜೋಡಣೆಯಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದವರೂ ಇದ್ದಾರೆ. ಇಂದು ಆ ಪ್ರೊಸೆಸರನ್ನು ಬದಲಿಸಬೇಕೇ?

ಮೊದಲು, ಯಂತ್ರ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದನ್ನು ಕಂಡುಕೊಳ್ಳಬೇಕು. ಬಹುತೇಕರು ಇದನ್ನು ಮಾಡುವುದೇ ಇಲ್ಲ. ಅಡಿಕೆ ಕೊಯ್ಲನ್ನು ನೆನೆಯಿರಿ. ಕೊನೆಗಾರನು ಮರದಿಂದ ಕೊನೆ ಇಳಿಸುತ್ತಾನೆ. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರು ಸುಲಿಯುತ್ತಾರೆ. ಸುಲಿಯುವವರ ಮುಂದೆ ಅಡಿಕೆ ರಾಶಿಬಿದ್ದಿದ್ದರೆ ಇನ್ನೊಬ್ಬ ಕೊನೆಗಾರನನ್ನು ಕರೆದು ಪ್ರಯೋಜನವಿಲ್ಲ. ಅವರು ಕೈಕಟ್ಟಿ ಕುಳಿತಿದ್ದರೆ ಮಾತ್ರ ಕೊರತೆ ಮರದ ಮೇಲಿದೆ. ಆಟದಲ್ಲಿ ಪ್ರೊಸೆಸರ್ ಕೊನೆಗಾರನಿದ್ದಂತೆ: ಯಾವ ವಸ್ತು ಎಲ್ಲಿದೆ, ಯಾವುದನ್ನು ಬಿಡಿಸಬೇಕು ಎಂದು ಲೆಕ್ಕಹಾಕಿ ಕಳುಹಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಅದನ್ನು ಚಿತ್ರವಾಗಿಸುತ್ತದೆ. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಇಬ್ಬರಲ್ಲಿ ಯಾರು ತಡಮಾಡಿದರೂ ಆಟ ಮುಗ್ಗರಿಸುತ್ತದೆ.

ಪರೀಕ್ಷೆಗೆ ಹಣ ಬೇಕಿಲ್ಲ. ಆಟದೊಳಗಿನ ರೆಸಲ್ಯೂಶನನ್ನು 1920×1080ರಿಂದ 1280×720ಕ್ಕೆ ಇಳಿಸಿ ನೋಡಬೇಕು. ಚಿತ್ರಗಳ ಸಂಖ್ಯೆ ಗಣನೀಯವಾಗಿ ಏರಿದರೆ ತಡೆ ಗ್ರಾಫಿಕ್ಸ್ ಕಾರ್ಡಿನಲ್ಲಿತ್ತು. ಪ್ರೊಸೆಸರ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು. ಏನೂ ಏರದಿದ್ದರೆ ತಡೆ ಬಹುಮಟ್ಟಿಗೆ ಪ್ರೊಸೆಸರಿನದು. ಇಲ್ಲೊಂದು ಮೋಸವಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಬಳಕೆ ಶೇ. 30 ಎಂದು ಕಂಡೊಡನೆ "ಅದು ಆರಾಮವಾಗಿದೆ" ಎಂದು ಭಾವಿಸುವವರು ಹಲವರು. ಹನ್ನೆರಡು ಥ್ರೆಡ್‌ಗಳಲ್ಲಿ ಒಂದು ಪೂರ್ತಿಯಾಗಿ ದುಡಿದು ಬಸವಳಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8ರಷ್ಟೇ. ಬಹಳಷ್ಟು ಆಟಗಳು ಒಂದೆರಡು ಥ್ರೆಡ್‌ಗಳ ಮೇಲೆಯೇ ಭಾರ ಹೇರುತ್ತವೆ.

ತಡೆ ಪ್ರೊಸೆಸರಿನದೇ ಎಂದು ತಿಳಿದ ಮೇಲೂ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ಮಲೆನಾಡಿನ ಕೋಣೆಯಲ್ಲಿ ಎಂಟು ವರ್ಷ ಇದ್ದ ಯಂತ್ರದೊಳಗೆ ಧೂಳು, ಜೇಡರ ಬಲೆ, ಒಮ್ಮೊಮ್ಮೆ ಇರುವೆಯ ಸಂಸಾರವೇ ಇರುತ್ತದೆ. ವಿದ್ಯುತ್ ಸಂಪರ್ಕ ತೆಗೆದು ಮೃದುವಾದ ಬ್ರಷ್‌ನಿಂದ ಶುಚಿಗೊಳಿಸಿ, ಒಣಗಿದ ಥರ್ಮಲ್ ಪೇಸ್ಟ್ ತೆಗೆದು ಹೊಸದು ಹಚ್ಚಿದರೆ, ಬಿಸಿಯೇರಿ ವೇಗ ತಗ್ಗಿಸಿಕೊಂಡಿದ್ದ ಪ್ರೊಸೆಸರ್ ಮರಳಿ ತನ್ನ ವೇಗಕ್ಕೆ ಬರುತ್ತದೆ. ಮೆಮೊರಿಯ ಒಂದೇ ಪಟ್ಟಿಯಿದ್ದರೆ ಅಂಥದೇ ಇನ್ನೊಂದನ್ನು ಸೇರಿಸುವುದರಿಂದ ಎರಡು ಮಾರ್ಗ ತೆರೆಯುತ್ತದೆ. 3000 ವೇಗದ ಮೆಮೊರಿ ಕೊಂಡು, ಬಯೋಸ್‌ನಲ್ಲಿ ಆ ವೇಗವನ್ನು ಹೊಂದಿಸದೆ, ವರ್ಷಗಟ್ಟಲೆ 2133ರಲ್ಲಿಯೇ ಓಡಿಸಿದವರೂ ಉಂಟು. ರೈಜನ್‌ನ ಮೊದಲ ತಲೆಮಾರಿನಲ್ಲಿ ಪ್ರೊಸೆಸರಿನ ಭಾಗಗಳು ಪರಸ್ಪರ ಮಾತನಾಡುವ ವೇಗವೇ ಮೆಮೊರಿಯ ವೇಗವನ್ನು ಅವಲಂಬಿಸಿದ್ದುದರಿಂದ ಇದು ಅಲ್ಪ ನಷ್ಟವಲ್ಲ.

ಇನ್ನು ಕಾಯುವ ವಿಚಾರ. "ಮುಂದಿನ ವರ್ಷ ಇನ್ನೂ ಒಳ್ಳೆಯದು ಬರುತ್ತದೆ" ಎಂಬ ಮಾತು ಎಂದೂ ಸುಳ್ಳಾಗದು; ಆ ಕಾರಣಕ್ಕೇ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಇತಿಹಾಸ ಎರಡೂ ಪಕ್ಷಕ್ಕೆ ಸಾಕ್ಷಿ ಒದಗಿಸುತ್ತದೆ. 2011ರ ಜನವರಿಯಲ್ಲಿ ಬಂದ ಇಂಟೆಲ್‌ನ ಕೋರ್ ಐ7-2600ಕೆ ಕೊಂಡವರು ಆರು ವರ್ಷ ನಿಶ್ಚಿಂತೆಯಿಂದ ಕಾದರು. ಆ ಅವಧಿಯುದ್ದಕ್ಕೂ ಆ ಕಂಪನಿಯ ಸಾಮಾನ್ಯ ಮೇಜುಗಣಕದ ಪ್ರೊಸೆಸರ್‌ಗಳು ನಾಲ್ಕು ಕೋರ್‌ಗಳಲ್ಲಿಯೇ ನಿಂತಿದ್ದವು. ಅದೇ 2017ರ ಜನವರಿಯಲ್ಲಿ ನಾಲ್ಕು ಕೋರ್‌ಗಳ ಐ7-7700ಕೆ ಕೊಂಡವರ ಪಾಡು ಬೇರೆ. ಮಾರ್ಚ್‌ನಲ್ಲಿ ಎಎಂಡಿಯ ಎಂಟು ಕೋರ್‌ಗಳ ರೈಜನ್ 7 ಬಂದಿತು. ಅಕ್ಟೋಬರ್‌ನಲ್ಲಿ ಇಂಟೆಲ್ ತಾನೇ ಆರು ಕೋರ್‌ಗಳ 8700ಕೆ ತಂದಿತು. ಅದನ್ನು ಹಳೆಯ ಬೋರ್ಡಿಗೆ ಹಾಕೋಣವೆಂದರೆ, ಪಿನ್ನುಗಳ ಸಂಖ್ಯೆ 1151ಯೇ ಆಗಿದ್ದರೂ ಹಳೆಯ ಬೋರ್ಡ್‌ಗಳಿಗೆ ಕಂಪನಿ ಬೆಂಬಲ ನೀಡಲಿಲ್ಲ. ಬಳಿಕ 2020, 2021 ಮತ್ತು 2024ರಲ್ಲಿ ಸಾಕೆಟ್ಟೇ ಬದಲಾಯಿತು. ಪ್ರತಿ ಬದಲಾವಣೆಯೊಡನೆ, ಯಾವ ದೋಷವೂ ಇಲ್ಲದ ಬೋರ್ಡ್‌ಗಳು ಮುಂದಿನ ಪ್ರೊಸೆಸರಿಗೆ ನಿರುಪಯುಕ್ತವಾದವು.

ಈ ಸಭೆಗೆ ವಿಶೇಷವಾಗಿ ಸಲ್ಲುವ ಪ್ರಸಂಗವೊಂದು ಎಎಂಡಿಯ ಪಾಳೆಯದಲ್ಲಿ ನಡೆಯಿತು. ಅದರ ಎಎಂ4 ಸಾಕೆಟ್ ಹಲವು ತಲೆಮಾರುಗಳಿಗೆ ಒಂದೇ ಆಗಿದ್ದರೂ, ಮುಂಬರುವ ರೈಜನ್ 5000 ಸರಣಿಯು 400 ಸರಣಿಯ ಬೋರ್ಡ್‌ಗಳಿಗೆ ಹೊಂದದೆಂದು 2020ರ ಮೇ ತಿಂಗಳಲ್ಲಿ ಕಂಪನಿ ಪ್ರಕಟಿಸಿತು. ಬಯೋಸ್ ಇಡುವ ಚಿಪ್‌ನಲ್ಲಿ ಸ್ಥಳ ಸಾಲದೆಂಬುದು ಕೊಟ್ಟ ಕಾರಣ. ಬಳಕೆದಾರರು ಬಲವಾಗಿ ಪ್ರತಿಭಟಿಸಿದರು. ಅದೇ ತಿಂಗಳಲ್ಲಿ ಕಂಪನಿ ನಿರ್ಧಾರ ಬದಲಿಸಿತು. 2022ರ ಮಾರ್ಚ್‌ನಲ್ಲಿ, ಇನ್ನೂ ಹಳೆಯದಾದ 300 ಸರಣಿಗೂ, ಅಂದರೆ ಮೇಲೆ ಹೇಳಿದ ಬಿ350 ಬೋರ್ಡಿಗೂ, ಬೆಂಬಲ ಘೋಷಿಸಿತು. ಸಾಲದೆನ್ನಲಾದ ಸ್ಥಳ ಹೇಗೋ ಒದಗಿತು! ಕೊಳ್ಳುವವರು ದನಿಯೆತ್ತಿದುದರಿಂದ ಅಷ್ಟೊಂದು ಬೋರ್ಡ್‌ಗಳ ಆಯುಷ್ಯ ಬೆಳೆಯಿತು. ಗಿಡ ನೆಟ್ಟು ಚಿತ್ರ ತೆಗೆಸಿಕೊಳ್ಳುವುದಕ್ಕಿಂತ ಇದು ಕಡಿಮೆಯ ಪರಿಸರ ಕಾರ್ಯವೇನಲ್ಲ.

ಆಯುಷ್ಯ ಬೆಳೆಯುವುದು ಏಕೆ ಮುಖ್ಯ? ರೈಜನ್ 5000 ಸರಣಿಯ ಲೆಕ್ಕಾಚಾರದ ಚಿಪ್‌ಗಳನ್ನು ತಯಾರಿಸಿದ್ದು ತೈವಾನಿನ ಟಿಎಸ್‌ಎಂಸಿ ಕಂಪನಿ. ಚಿಪ್ ತಯಾರಿಕೆಗೆ ಅತಿ ಶುದ್ಧವಾದ ನೀರು ಅಪಾರ ಪ್ರಮಾಣದಲ್ಲಿ ಬೇಕು. 2020ರಲ್ಲಿ ಒಂದು ಚಂಡಮಾರುತವೂ ತೈವಾನಿನ ದಡ ಮುಟ್ಟಲಿಲ್ಲ. 2021ರ ವಸಂತಕ್ಕೆ ಜಲಾಶಯಗಳ ತಳ ಕಂಡಿತು. ಸರ್ಕಾರವು ಹತ್ತಾರು ಸಾವಿರ ಹೆಕ್ಟೇರ್ ಗದ್ದೆಗಳ ನೀರಾವರಿ ನಿಲ್ಲಿಸಿ ರೈತರಿಗೆ ಪರಿಹಾರ ಕೊಟ್ಟಿತು. ಚಿಪ್ ಕಾರ್ಖಾನೆಗಳು ಟ್ಯಾಂಕರ್‌ಗಳಲ್ಲಿ ನೀರು ತರಿಸಿಕೊಂಡವು. ನೀರು ತಿರುಗಿಸುವ ಯೋಜನೆಗಳ ಕತೆ ಕೇಳಿ ಬೆಳೆದ ಈ ಸೀಮೆಯವರಿಗೆ ಆ ಗದ್ದೆಯ ಒಡೆಯನ ಮುಖ ಕಣ್ಣಿಗೆ ಕಟ್ಟದಿರದು. ಇತ್ತ ಕೊನೆಯ ತುದಿಯಲ್ಲಿ, 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ ಸುಮಾರು 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದುದರಲ್ಲಿ ಒಂದು ಪಾಲು ದೆಹಲಿಯ ಸೀಲಂಪುರದಂತಹ ಗಲ್ಲಿಗಳಲ್ಲಿ ಬರಿಗೈಯಲ್ಲಿ ಒಡೆಯಲ್ಪಡುತ್ತದೆ.

ಹಾಗೆಂದು ಕಾಯುವುದು ಪುಕ್ಕಟೆಯೂ ಅಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ರೈಜನ್ 5 1600 ಇಲ್ಲ. ಲಿನಕ್ಸ್ ಒಳ್ಳೆಯ ದಾರಿ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ತಂದ ಮೇಲೆ ಬಹಳಷ್ಟು ಆಟಗಳು ಅಲ್ಲಿಯೂ ಓಡುತ್ತವೆ. ಆದರೆ ಗೆಳೆಯರೊಡನೆ ವ್ಯಾಲೊರಂಟ್ ಆಡುವವನಿಗೆ ಆ ದಾರಿ ಮುಚ್ಚಿದೆ. ಪೂರ್ತಿ ಹೊಸ ಯಂತ್ರಕ್ಕೆ ಹಾರೋಣವೆಂದರೆ, 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಮೆಮೊರಿಯೇ ಬೇಕು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ದುಪ್ಪಟ್ಟನ್ನೂ ಮೀರಿ ಏರಿತು.

ಇವೆಲ್ಲವನ್ನೂ ತೂಗಿದಾಗ, ಈ ನಿರ್ದಿಷ್ಟ ಯಂತ್ರಕ್ಕೆ ಮಧ್ಯದ ದಾರಿಯೊಂದು ಉಳಿಯುತ್ತದೆ. ಬೋರ್ಡ್, ಮೆಮೊರಿ, ಪೆಟ್ಟಿಗೆ ಎಲ್ಲವನ್ನೂ ಹಾಗೆಯೇ ಇಟ್ಟು, 2022ರಲ್ಲಿ ಬಂದ ರೈಜನ್ 5 5600 ಪ್ರೊಸೆಸರ್ ಒಂದನ್ನೇ ಹಾಕುವುದು. ಅದೂ ಆರು ಕೋರ್, 65 ವ್ಯಾಟ್. ಆದರೆ ಹಳೆಯದರಲ್ಲಿ 8 ಮೆಗಾಬೈಟಿನ ಎರಡು ತುಂಡಾಗಿದ್ದ ಕ್ಯಾಶ್ ಇಲ್ಲಿ 32 ಮೆಗಾಬೈಟಿನ ಒಂದೇ ಉಗ್ರಾಣವಾಗಿದೆ. ಬೇಕಾದ ಸಾಮಾನಿಗೆ ಪದೇಪದೇ ದೂರದ ಮೆಮೊರಿಗೆ ಓಡಬೇಕಿಲ್ಲ. ವಿಂಡೋಸ್ 11ರ ಪಟ್ಟಿಯಲ್ಲಿಯೂ ಇದೆ. ಬಳಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಎಎಂ4 ಪ್ರೊಸೆಸರಿನ ಪಿನ್ನುಗಳು ಅದರ ಮೈಯ ಮೇಲೆಯೇ ಇರುವುದರಿಂದ ಒಂದೂ ಬಾಗಿಲ್ಲವೆಂದು ನೋಡಿ ಕೊಳ್ಳಬೇಕು. ಪರೀಕ್ಷೆಯಲ್ಲಿ ತಡೆ ಗ್ರಾಫಿಕ್ಸ್ ಕಾರ್ಡಿನದೆಂದು ಕಂಡಿದ್ದರೆ, ಅಥವಾ ಇರುವ ವೇಗದಲ್ಲಿಯೇ ಆಟ ಹಿತವಾಗಿದ್ದರೆ, ಇದೂ ಬೇಡ. ವಿಂಡೋಸ್ ಒಂದೇ ಚಿಂತೆಯಾಗಿದ್ದರೆ ಲಿನಕ್ಸ್ ಹಾಕಿಕೊಂಡು ಇನ್ನೆರಡು ವರ್ಷ ಕಾಯಬಹುದು.

ಬದಲಿಸುವವರಿಗೆ ಒಂದು ಎಚ್ಚರಿಕೆ. ಹೊಸ ಪ್ರೊಸೆಸರ್ ಹಾಕುವ ಮೊದಲು, ಹಳೆಯದು ಇರುವಾಗಲೇ, ಬೋರ್ಡ್ ತಯಾರಕರ ಪಟ್ಟಿ ನೋಡಿ ಬಯೋಸನ್ನು ನವೀಕರಿಸಬೇಕು. ನಡುವೆ ವಿದ್ಯುತ್ ಹೋದರೆ ಬೋರ್ಡ್ ಕೆಟ್ಟುಹೋಗುವ ಸಂಭವವಿದೆ. ನಮ್ಮ ಕಡೆಯ ವಿದ್ಯುತ್ತಿನ ಗುಣ ಎಲ್ಲರಿಗೂ ತಿಳಿದಿದೆ. ಯುಪಿಎಸ್ ಇಲ್ಲದವರು ಸ್ವಾತಿ ಮಳೆಯ ಗುಡುಗು ಕಳೆಯುವವರೆಗೆ ಆ ಕೆಲಸಕ್ಕೆ ಕೈಹಾಕದಿರುವುದು ಲೇಸು. ಕೂಲರ್ ತೆಗೆಯುವಾಗ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಬಿಸಿಯಾದ ಮೇಲೆ ಆರಿಸಿ, ಮೆಲ್ಲನೆ ತಿರುಗಿಸಿ ಬಿಡಿಸಬೇಕು. ನೇರ ಎಳೆದರೆ ಪ್ರೊಸೆಸರೇ ಕಿತ್ತು ಬರುತ್ತದೆ. ತೆಗೆದ 1600ನ್ನು ಹೊಸದರ ಪೆಟ್ಟಿಗೆಯಲ್ಲಿಟ್ಟು, ಎಎಂ4 ಬೋರ್ಡಿನಲ್ಲಿ ಅದಕ್ಕಿಂತ ಸಣ್ಣ ಪ್ರೊಸೆಸರ್ ಇಟ್ಟುಕೊಂಡಿರುವ ನೆರೆಯವರಿಗೋ ಶಾಲೆಗೋ ಕೊಡಬಹುದು. ಅವರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆಯೇ ಎಂದು ಮೊದಲು ಕೇಳಬೇಕು; 1600ರೊಳಗೆ ಗ್ರಾಫಿಕ್ಸ್ ಇಲ್ಲದ ಕಾರಣ, ಕಾರ್ಡ್ ಇಲ್ಲದಿದ್ದರೆ ಪರದೆಯ ಮೇಲೆ ಏನೂ ಮೂಡದು.