ರೋಗಿಯದೇ ಮಾತಿನಲ್ಲಿ

ಜನರ ಬಾಯಿ ತೆರೆಸುವುದೇ ಕಸುಬಾದವನನ್ನು ಮಾತಿಗೆ ಕರೆದಿದ್ದೀರಿ. ಬೇರೆ ವೈದ್ಯರು ರೋಗಿಯ ಮಾತನ್ನು ನಡುವೆ ತಡೆದರೆ, ನಾವು ದಂತವೈದ್ಯರು ಬಾಯಿಗೆ ಹತ್ತಿ ತುಂಬಿ ಆಮೇಲೆ "ಮಕ್ಕಳೆಷ್ಟು?" ಎಂದು ಕೇಳುತ್ತೇವೆ. ಹಾಗಾಗಿ ಕೇಳಿಸಿಕೊಳ್ಳುವುದೆಲ್ಲ ಕುರ್ಚಿ ಒರಗಿಸುವ ಮೊದಲೇ ಆಗಬೇಕು.

ನಮ್ಮ ವಿದ್ಯಾರ್ಥಿಗಳು ತುಂಬುವ ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು ಆದ ಮೇಲೆ ಬರುವುದು ಮುಖ್ಯ ದೂರು. ಅದನ್ನು ರೋಗಿಯದೇ ಮಾತಿನಲ್ಲಿ ಬರೆಯಬೇಕೆಂದು ಕಲಿಸುತ್ತೇವೆ. ಅವರು ಬರೆಯುವುದು? "ಕೆಳದವಡೆಯ ಬಲಹಿಂಭಾಗದಲ್ಲಿ ಮೂರು ದಿನಗಳಿಂದ ನೋವು", ಅದೂ ಇಂಗ್ಲಿಷಿನಲ್ಲಿ. ಮಂಡ್ಯದ ರೈತನದೂ ಅದೇ ವಾಕ್ಯ, ಕಲಬುರಗಿಯ ಮೇಷ್ಟರದೂ ಅದೇ. ಹಾಗೆ ಮಾತಾಡಿದ ಒಬ್ಬ ರೋಗಿಯನ್ನೂ ನಾನು ಕಂಡಿಲ್ಲ.

ಜನ ಹೇಳುವುದೇ ಬೇರೆ. "ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ, ತಕ್ಷಣ ಹೋಗಿಬಿಡುತ್ತೆ" ಅಂದರೆ ಎನಾಮೆಲ್ ಸವೆದೋ ವಸಡು ಸರಿದೋ ಒಳಪದರ ಹೊರಬಿದ್ದಿರಬಹುದು. "ಸಿಡಿಯುತ್ತೆ ಸಾರ್, ರಾತ್ರಿ ಮಲಗಿದ್ರೆ ಇನ್ನೂ ಜೋರು" ಅಂದರೆ ಹುಳುಕು ತಿರುಳಿನವರೆಗೆ ಇಳಿದಿರುವ ಸಂಶಯ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುತ್ತದೆ, ಗಟ್ಟಿ ಹಲ್ಲಿನೊಳಗೆ ಊದಿದ ತಿರುಳಿಗೆ ಉಬ್ಬಲು ಜಾಗವಿಲ್ಲ. "ಆ ಹಲ್ಲೊಂದೇ ಎತ್ತರ ಆದಂಗಿದೆ, ಕಚ್ಚೋಕಾಗಲ್ಲ" ಅಂದರೆ ಬೇರಿನ ತುದಿಯನ್ನು ನೋಡಬೇಕು. ಎಕ್ಸ್‌ರೇಗೂ ಮೊದಲೇ ರೋಗಿ ಅರ್ಧ ಕೆಲಸ ಮಾಡಿಕೊಟ್ಟಿರುತ್ತಾನೆ. ನಾವು ಅದನ್ನೆಲ್ಲ "ನೋವು" ಎಂದು ಬರೆದು ಮುಂದಿನ ಅಂಕಣಕ್ಕೆ ಹೋಗುತ್ತೇವೆ.

ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೆ ರೋಗಿಯ ಮಾತಿಗೆ ಅಡ್ಡ ಬಂದಿದ್ದರು. ಅವರು ದಂತವೈದ್ಯರಲ್ಲ, ನಿಜ. ನಾವು ಅಷ್ಟು ಹೊತ್ತಾದರೂ ಕಾಯುತ್ತೇವೆಯೇ ಎಂಬುದು ನನ್ನ ಅನುಮಾನ.

ಹೂ ಕಟ್ಟಿ ಮಾರುವ ಒಬ್ಬ ಅಮ್ಮ ನನ್ನ ಹತ್ತಿರ ಬರುತ್ತಿದ್ದರು. ಮೇಲಿನ ದವಡೆ ಹಲ್ಲು ಕೀಳದೆ ಗತಿಯಿರಲಿಲ್ಲ. ಮೂರು ಸಲ ದಿನ ಗೊತ್ತುಮಾಡಿದೆ, ಮೂರು ಸಲವೂ ತಪ್ಪಿಸಿಕೊಂಡರು. ಸೂಜಿಗೆ ಹೆದರುತ್ತಾರೆಂದು ನಾನೇ ತೀರ್ಮಾನಿಸಿ ಧೈರ್ಯ ಹೇಳುತ್ತಿದ್ದೆ, ಒಂದು ಸಲ ಗದರಿದ್ದೂ ಉಂಟು. ನಾಲ್ಕನೆಯ ಸಲ ಸುಮ್ಮನೆ ಕೂತೆ. ಆಕೆ ಸೆರಗಿನ ತುದಿ ಸುತ್ತುತ್ತಾ ಹೇಳಿದರು: "ಮೇಲಿನ ಹಲ್ಲು ಕಿತ್ರೆ ಕಣ್ಣು ಮಂಜಾಗುತ್ತಂತೆ ಸ್ವಾಮಿ. ಕಣ್ಣಿಲ್ದೆ ಹೂ ಹೆಂಗೆ ಕಟ್ಲಿ?"

ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಕನ್ನಡಿ ಕೊಟ್ಟು ಮುಖದ ಮೇಲೇ ಬೆರಳಿಟ್ಟು ತೋರಿಸಿದೆ. ಹಲ್ಲು ಕಿತ್ತದ್ದು ಆವತ್ತೇ. ಮೂಢನಂಬಿಕೆ ಎಂದು ನಗುವುದು ಸುಲಭ, ಆದರೆ ಆಕೆ ಲೆಕ್ಕ ಹಾಕಿದ್ದು ಹೊಟ್ಟೆಪಾಡನ್ನು. ಅದನ್ನು ಬರೆಯಲು ನನ್ನ ಶೀಟಿನಲ್ಲಿ ಅಂಕಣವೇ ಇರಲಿಲ್ಲ.

ಆಮೇಲೆ ನನ್ನ ವಿದ್ಯಾರ್ಥಿಗಳಿಗೆ ದೂರನ್ನು ಕನ್ನಡದಲ್ಲೇ ಬರೆಯಲು ಹೇಳತೊಡಗಿದೆ. ಒಮ್ಮೆ ಪರೀಕ್ಷೆಗೆ ಹೊರರಾಜ್ಯದ ಪರೀಕ್ಷಕರು ಬಂದಿದ್ದರು. ಶೀಟಿನ ಮೇಲೆ ಬೆರಳಿಟ್ಟು, ಇದೇನೆಂದು ಕೇಳಿದರು. "ಜುಮ್" ಎಂದಳು ಹುಡುಗಿ. ಅವರಿಗೆ ತಿಳಿಯಲಿಲ್ಲ. ಅವಳಿಗೆ ಇಂಗ್ಲಿಷ್ ಪದ ನೆನಪಾಗಲಿಲ್ಲವೋ, ಬೇಕೆಂದೇ ಬಿಟ್ಟಳೋ, ಹಲ್ಲು ಕಚ್ಚಿ "ಸ್‌ಸ್" ಎಂದು ಗಾಳಿ ಎಳೆದುಕೊಂಡಳು.

ಆ ಹಿರಿಯರ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.